ಇಂದು ಹೊರಡಲೋ, ನಾಳೆ ಹೊರಡಲೋ?

ವಲಸೆಯ ಹಾಡುಹಕ್ಕಿಗಳು ತಂಗುದಾಣವನ್ನು ಬಿಟ್ಟೇಳುವ ರಾತ್ರಿಯನ್ನು ಗೊತ್ತುಮಾಡಿಕೊಳ್ಳುವ ಬಗೆ

ಪರಸ್ಥಳದಲ್ಲಿ ದುಡಿಯುವವರಿಗೆ ‘ಊರಿಗೆ ಎಂದು ಹೊರಡುವುದು?’ ಎಂಬ ಪ್ರಶ್ನೆ ಎಷ್ಟು ದೊಡ್ಡದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿ ಎಷ್ಟು ಹಣ ಕೂಡಿದೆ, ಧಣಿಗಳು ಎಷ್ಟು ದಿನದ ರಜೆ ಕೊಟ್ಟಾರು, ಗಾಡಿಯಲ್ಲಿ ಸ್ಥಳ ದೊರೆತೀತೆ, ದಾರಿಯಲ್ಲಿ ಮಳೆ ಹಿಡಿದೀತೆ – ಇಷ್ಟನ್ನೂ ತೂಗಿ ನೋಡಿದ ಮೇಲೆಯೇ ಪೆಟ್ಟಿಗೆಗೆ ಬೀಗ ಬೀಳುವುದು. ಇದೇ ಪ್ರಶ್ನೆಯನ್ನು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಹಾಡುಹಕ್ಕಿಯೊಂದು ವರ್ಷಕ್ಕೆರಡು ಬಾರಿ, ಒಂದೊಂದು ಬಾರಿಯೂ ದಾರಿಯುದ್ದಕ್ಕೂ ಹಲವು ಸಲ, ಬಿಡಿಸಬೇಕಾಗಿದೆ. ಅದರ ಬಳಿ ಪಂಚಾಂಗವಿಲ್ಲ, ರೈಲ್ವೆ ವೇಳಾಪಟ್ಟಿಯಿಲ್ಲ. ಕೇಳಿ ತಿಳಿಯೋಣವೆಂದರೆ, ಅನೇಕ ಜಾತಿಗಳಲ್ಲಿ ಮೊದಲ ಬಾರಿ ಹೊರಟ ಮರಿಗೆ ಜೊತೆಯಲ್ಲಿ ಹಿರಿಯರೂ ಇರುವುದಿಲ್ಲ. ಲೆಕ್ಕ ತಪ್ಪಿತೆಂದರೆ ನಡುಗಡಲಿನಲ್ಲಿ ಪ್ರಾಣವೇ ಹೋಗುವುದು.

ಬೇಸಗೆಯಲ್ಲಿ ಉತ್ತರದ ದೇಶಗಳಲ್ಲಿ ಗೂಡು ಕಟ್ಟಿ ಮರಿಮಾಡುವ ಈ ಹಕ್ಕಿಗಳು ಚಳಿಗಾಲ ಸಮೀಪಿಸಿದಾಗ ದಕ್ಷಿಣಕ್ಕೆ ಬರುವುವು. ವಸಂತದಲ್ಲಿ ಮತ್ತೆ ಉತ್ತರಕ್ಕೆ ತೆರಳುವುವು. ಇವುಗಳಲ್ಲಿ ಹೆಚ್ಚಿನವು ಹಾರುವುದು ರಾತ್ರಿಯ ಹೊತ್ತು. ಸಾವಿರಾರು ಕಿಲೋಮೀಟರಿನ ದಾರಿಯನ್ನು ಸಾಮಾನ್ಯವಾಗಿ ಅವು ಒಂದೇ ಉಸಿರಿನಲ್ಲಿ ಮುಗಿಸುವುದಿಲ್ಲ. ಒಂದೆರಡು ರಾತ್ರಿ ಹಾರಿ, ಬೆಳಗಾಗುವಾಗ ಯಾವುದಾದರೂ ಪೊದೆಯಲ್ಲಿಯೋ ತೋಪಿನಲ್ಲಿಯೋ ಕಡಲ ನಡುವಿನ ದ್ವೀಪದಲ್ಲಿಯೋ ಇಳಿದು, ಕೆಲವು ದಿನ ತಂಗಿ, ತಿಂದು, ದಣಿವಾರಿಸಿಕೊಂಡು ಮುಂದಿನ ಹಾರಾಟಕ್ಕೆ ಏಳುವುವು. ಹಾಗೆ ಏಳಬೇಕಾದ ರಾತ್ರಿ ಇಂದಿನದೇ, ನಾಳೆಯದೇ, ಇನ್ನೊಂದು ವಾರದ ಮೇಲಿನದೇ ಎಂಬುದನ್ನು ಆ ಪುಟ್ಟ ಜೀವ ಹೇಗೆ ನಿರ್ಧರಿಸುತ್ತದೆ? ಪಕ್ಷಿಶಾಸ್ತ್ರಜ್ಞರು ಕಳೆದ ಕೆಲವು ದಶಕಗಳಲ್ಲಿ ಈ ಒಗಟಿನ ಬಹುಭಾಗವನ್ನು ಬಿಡಿಸಿದ್ದಾರೆ. ಅವರು ಕಂಡುಕೊಂಡ ಉತ್ತರವು ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೂ, ಕಚೇರಿಯಲ್ಲಿ ಲೆಕ್ಕದ ಪುಸ್ತಕ ಬರೆಯುವವರಿಗೂ ಪರಕೀಯವೆಂದು ತೋರಲಾರದು.

ಪಯಣದ ಹೆಚ್ಚಿನ ಪಾಲು ತಂಗುವುದೇ

ವಲಸೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರೆಕ್ಕೆ ಬಡಿಯುತ್ತ ಸಾಗುವ ಹಕ್ಕಿಯ ಚಿತ್ರ. ವಾಸ್ತವದಲ್ಲಿ ಆ ಪಯಣದ ಬಹುಪಾಲು ಕಳೆಯುವುದು ನೆಲದ ಮೇಲೆ. ಸಣ್ಣ ಹಕ್ಕಿಯು ಹಾರಾಟದಲ್ಲಿ ಒಂದು ದಿನ ಕಳೆದರೆ ತಂಗುದಾಣಗಳಲ್ಲಿ ಏಳು ದಿನ ಕಳೆಯಬೇಕಾಗುವುದೆಂದು ಸ್ವೀಡನ್ ದೇಶದ ಇಬ್ಬರು ವಿದ್ವಾಂಸರು 1997ರಲ್ಲಿ ಗಣಿತ ಮಾಡಿ ತೋರಿಸಿದರು. ಕಾಲದ ಲೆಕ್ಕ ಹೀಗಾದರೆ ಶಕ್ತಿಯ ಲೆಕ್ಕವೇನು? ಅದನ್ನು ಅಮೆರಿಕದಲ್ಲಿ ಅಳೆದು ನೋಡಿದರು. ಥ್ರಷ್ ಎಂಬ ಹಾಡುಹಕ್ಕಿಗಳನ್ನು ಹಿಡಿದು, ಮೈಯಲ್ಲಿ ಎಷ್ಟು ಶಕ್ತಿ ವೆಚ್ಚವಾಯಿತೆಂಬುದನ್ನು ತೋರಿಸಿಕೊಡುವ ವಿಶೇಷ ಬಗೆಯ ನೀರನ್ನು ಸೂಜಿಯಿಂದ ಸೇರಿಸಿ, ಬೆನ್ನಿಗೆ ಚಿಕ್ಕ ರೇಡಿಯೋ ಅಂಟಿಸಿ ಬಿಟ್ಟರು. ರಾತ್ರಿಯಿಡೀ ಮೋಟಾರು ಗಾಡಿಯಲ್ಲಿ ಹಿಂಬಾಲಿಸಿ, ಇಳಿದಲ್ಲಿ ಮತ್ತೆ ಹಿಡಿದು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಇಡೀ ಪಯಣದ ಶಕ್ತಿವೆಚ್ಚದಲ್ಲಿ ಹಾರಾಟಕ್ಕೆ ಹೋಗುವುದು ನೂರಕ್ಕೆ 29 ಪಾಲು ಮಾತ್ರ. ಮಿಕ್ಕ 71 ಪಾಲು ತಂಗಿದ್ದಾಗಿನ ಖರ್ಚು: ಚಳಿಗೆ ಮೈ ಬಿಸಿ ಕಾಯ್ದುಕೊಳ್ಳುವುದು, ಆಹಾರ ಹುಡುಕುವುದು, ದಿನ ದೂಡುವುದು.

ನಮ್ಮ ದೂರದ ಬಸ್ಸುಗಳನ್ನು ನೋಡಿದವರಿಗೆ ಇದರ ಅರ್ಥ ಬೇಗನೆ ಹೊಳೆಯುವುದು. ಬಸ್ಸು ತಡವಾಗುವುದು ಓಟದಲ್ಲಲ್ಲ, ನಿಲ್ದಾಣಗಳಲ್ಲಿ. ಹಕ್ಕಿಯೂ ಹಾಗೆಯೇ. ಬೇಗ ತಲುಪಬೇಕಾದರೆ ರೆಕ್ಕೆಯನ್ನು ಜೋರಾಗಿ ಬಡಿದು ಪ್ರಯೋಜನವಿಲ್ಲ; ತಂಗುವ ದಿನಗಳನ್ನು ಕಡಿಮೆ ಮಾಡಬೇಕು. ಆದರೆ ತಂಗುವ ದಿನಗಳನ್ನು ಕಡಿಮೆ ಮಾಡಿದರೆ ಹೊಟ್ಟೆ ತುಂಬದು. ಈ ಎರಡು ಎಳೆತಗಳ ನಡುವೆ ಸಿಲುಕಿ ಹಕ್ಕಿಯು ತನ್ನ ರಾತ್ರಿಯನ್ನು ಆರಿಸಬೇಕಾಗಿದೆ.

ಮೈಯೊಳಗಿನ ಪಂಚಾಂಗ

ಹೊರಡಬೇಕೆಂಬ ತವಕ ಹುಟ್ಟುವುದು ಮಾತ್ರ ಹೊರಗಿನಿಂದಲ್ಲ, ಒಳಗಿನಿಂದ. ಯೂರೋಪಿನಲ್ಲಿ ಹಾಡುಹಕ್ಕಿಗಳನ್ನು ಪಂಜರದಲ್ಲಿ ಸಾಕುತ್ತಿದ್ದವರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಹಗಲಿನಲ್ಲಿ ಶಾಂತವಾಗಿರುವ ಹಕ್ಕಿ, ವಲಸೆಯ ಕಾಲ ಬಂತೆಂದರೆ ರಾತ್ರಿಯಲ್ಲಿ ನಿದ್ರಿಸದೆ ಪಂಜರದೊಳಗೇ ರೆಕ್ಕೆ ಬಡಿಯುತ್ತ ಚಡಪಡಿಸುವುದು. ಜರ್ಮನಿಯ ಎಬರ್ಹಾರ್ಡ್ ಗ್ವಿನ್ನರ್ ಎಂಬ ಶಾಸ್ತ್ರಜ್ಞರು 1960ರ ದಶಕದಲ್ಲಿ ಹಕ್ಕಿಗಳನ್ನು ಹಗಲು-ರಾತ್ರಿಗಳ ಪ್ರಮಾಣ ಎಂದಿಗೂ ಬದಲಾಗದ ಕೋಣೆಗಳಲ್ಲಿಟ್ಟು ನೋಡಿದರು. ಋತು ಯಾವುದೆಂದು ತಿಳಿಸುವ ಯಾವ ಕುರುಹೂ ಇಲ್ಲದಿದ್ದರೂ ಅವು ವರ್ಷದ ಸುಮಾರಿಗೆ ಅದೇ ಕಾಲಕ್ಕೆ ಚಡಪಡಿಸತೊಡಗಿದವು. ಹಕ್ಕಿಯ ಮೈಯಲ್ಲಿಯೇ ಒಂದು ವಾರ್ಷಿಕ ಗಡಿಯಾರವಿದೆಯೆಂಬುದು ಇದರಿಂದ ಸಿದ್ಧವಾಯಿತು.

ಚಡಪಡಿಕೆಗೆ ದಿಕ್ಕೂ ಉಂಟು. ಅಮೆರಿಕದ ಎಮ್ಲೆನ್ ಎಂಬ ತಂದೆ-ಮಗ ಇಬ್ಬರೂ ಪಕ್ಷಿಶಾಸ್ತ್ರಜ್ಞರು. ಅವರು 1966ರಲ್ಲಿ ಒಂದು ಸುಲಭದ ಪಂಜರವನ್ನು ವಿವರಿಸಿದರು. ಆಲಿಕೆಯಾಕಾರದ ಪಂಜರದ ತಳದಲ್ಲಿ ಶಾಯಿಯ ಮೆತ್ತೆ, ಸುತ್ತಲೂ ಇಳಿಜಾರಿನಲ್ಲಿ ಬಿಳಿಯ ಕಾಗದ. ರಾತ್ರಿ ಹಕ್ಕಿ ಯಾವ ಕಡೆಗೆ ನೆಗೆದು ನೆಗೆದು ಜಾರುವುದೋ ಆ ಕಡೆಯ ಕಾಗದದಲ್ಲಿ ಕಾಲಿನ ಕಪ್ಪು ಗುರುತು ಹೆಚ್ಚು ಬೀಳುವುದು. ಬೆಳಗ್ಗೆ ಕಾಗದ ಬಿಡಿಸಿ ನೋಡಿದರೆ ಹಕ್ಕಿ ಹೋಗಬಯಸಿದ ದಿಕ್ಕು ಅದರಲ್ಲಿ ಬರೆದಿರುವುದು.

ಒಳಗಿನ ಪಂಚಾಂಗ ‘ಹೊರಡುವ ತಿಂಗಳು ಬಂತು’ ಎನ್ನಬಲ್ಲದೇ ಹೊರತು ‘ಈ ರಾತ್ರಿಯೇ ಏಳು’ ಎನ್ನಲಾರದು. ಆ ಮಾತನ್ನು ಹೇಳುವುದು ಬೇರೆಯೇ ಲೆಕ್ಕ.

ಗಂಟಿನಲ್ಲಿ ಎಷ್ಟಿದೆ?

ಲೆಕ್ಕದ ಮೊದಲ ಬಾಬು ಕೊಬ್ಬು. ಹಕ್ಕಿಗೆ ಕೊಬ್ಬೆಂದರೆ ಸೋಮಾರಿತನದ ಗುರುತಲ್ಲ, ದಾರಿಖರ್ಚಿನ ಗಂಟು. ಒಂದು ಗ್ರಾಂ ಕೊಬ್ಬು ಉರಿದರೆ ಒಂದು ಗ್ರಾಂ ಹಿಟ್ಟಿನ ಪದಾರ್ಥ ಕೊಡುವುದರ ಇಮ್ಮಡಿಗೂ ಹೆಚ್ಚು ಶಕ್ತಿ ದೊರೆಯುವುದು. ಹೊರೆ ಕಡಿಮೆ, ಫಲ ಹೆಚ್ಚು. ಸಹಾರಾ ಮರುಭೂಮಿಯಂತಹ ದೊಡ್ಡ ಅಡ್ಡಿ ಮುಂದಿರುವಾಗ ಗಾರ್ಡನ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿಯು ತನ್ನ ತೂಕವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಳ್ಳಬಲ್ಲದು. ಎಪ್ಪತ್ತು ಕಿಲೋ ತೂಗುವ ಮನುಷ್ಯ ಕೆಲವೇ ವಾರಗಳಲ್ಲಿ ನೂರಮೂವತ್ತು, ನೂರನಲವತ್ತು ಕಿಲೋ ಆದಂತೆ!

ಬಂದಿಳಿದ ದಿನವೇ ಈ ಗಂಟು ಕಟ್ಟುವ ಕೆಲಸ ಆರಂಭವಾಗುವುದಿಲ್ಲ ಎಂಬುದು ಇನ್ನೊಂದು ಸೋಜಿಗ. ದೀರ್ಘ ಹಾರಾಟದಲ್ಲಿ ಕೊಬ್ಬಿನ ಜೊತೆಗೆ ಹಕ್ಕಿಯ ಜಠರ ಮತ್ತು ಕರುಳುಗಳೂ ಕರಗಿ ಕುಗ್ಗಿರುವುವು. ಬಹಳ ದಿನ ಮುಚ್ಚಿದ್ದ ಖಾನಾವಳಿಯ ಬಾಗಿಲು ತೆಗೆದೊಡನೆ ಪಂಕ್ತಿ ಕೂಡಿಸಲಾಗದಷ್ಟೇ. ಮೊದಲು ಒಲೆ ಸರಿಯಾಗಬೇಕು, ನೀರು ತುಂಬಬೇಕು. ಹಾಗೆಯೇ ಹಕ್ಕಿಯ ಅಡುಗೆಮನೆಯಾದ ಕರುಳು ಮತ್ತೆ ಬೆಳೆದು ಬಲಗೊಳ್ಳುವವರೆಗೆ ತೂಕ ನಿಧಾನವಾಗಿಯೇ ಏರುವುದು. ಹೀಗಾಗಿ ಮೊದಲ ದಿನಗಳಲ್ಲಿಯೇ ಎಬ್ಬಿಸಿ ಓಡಿಸಿದ ಹಕ್ಕಿಗೆ ಆಗುವ ನಷ್ಟ ಹೆಚ್ಚು.

ಇಟಲಿ ದೇಶದ ಪಶ್ಚಿಮಕ್ಕೆ ಪೊಂಜಾ ಎಂಬ ಚಿಕ್ಕ ದ್ವೀಪವಿದೆ. ವಸಂತದಲ್ಲಿ ಆಫ್ರಿಕದಿಂದ ಮೆಡಿಟರೇನಿಯನ್ ಸಮುದ್ರವನ್ನು ದಾಟಿಬರುವ ಹಕ್ಕಿಗಳು ದಣಿದು ಅಲ್ಲಿ ಇಳಿಯುವುವು. ಅಲ್ಲಿನ ಶಾಸ್ತ್ರಜ್ಞರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಎದೆಯ ಗರಿಗಳನ್ನು ಮೆಲ್ಲನೆ ಊದಿ, ತೆಳುವಾದ ಚರ್ಮದಡಿಯಲ್ಲಿ ಕಾಣುವ ಹಳದಿ ಕೊಬ್ಬಿನ ಪ್ರಮಾಣವನ್ನು ಗುರುತುಹಾಕಿಕೊಂಡರು. ಕೆಲವಕ್ಕೆ ರೇಡಿಯೋ ಅಂಟಿಸಿ ಬಿಟ್ಟು ಇಡೀ ದ್ವೀಪದ ಮೇಲೆ ಕಿವಿಯಿಟ್ಟು ಕುಳಿತರು. 2010ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ಗಂಟು ತುಂಬಿದ್ದ ಹಕ್ಕಿಗಳು ಬೇಗನೆ ದ್ವೀಪವನ್ನು ಬಿಟ್ಟವು, ಬಡಕಲಾದವು ಹೆಚ್ಚು ಕಾಲ ಉಳಿದವು.

ಬಡಕಲು ಹಕ್ಕಿ ನಿದ್ರಿಸುವ ರೀತಿಯೂ ಬೇರೆಯೆಂದು ಅದೇ ದ್ವೀಪದಲ್ಲಿ ಕಂಡುಬಂದಿತು. ಈ ವರದಿ 2019ರದು. ಕೊಬ್ಬಿಲ್ಲದ ಹಕ್ಕಿ ತಲೆಯನ್ನು ಗರಿಗಳೊಳಗೆ ಹುದುಗಿಸಿ ಮಲಗುವುದು. ಇದರಿಂದ ಮೈಯ ಬಿಸಿ ಉಳಿಯುವುದು, ಆದರೆ ಶತ್ರು ಬಂದರೆ ಎಚ್ಚರವಾಗುವುದು ತಡ. ಗಂಟು ತುಂಬಿದ ಹಕ್ಕಿ ತಲೆಯನ್ನು ಹೊರಗಿಟ್ಟುಕೊಂಡೇ ಮಲಗುವುದು. ಅದಕ್ಕೆ ಬಿಸಿಯ ಚಿಂತೆಗಿಂತ ಪ್ರಾಣದ ಚಿಂತೆ ಹೆಚ್ಚು. ಬಡತನವು ನಿದ್ರೆಯನ್ನೂ ಅಪಾಯಕ್ಕೆ ಒಡ್ಡುವುದೆಂಬುದು ಹಕ್ಕಿಗಳ ಲೋಕದಲ್ಲಿಯೂ ಸತ್ಯವೇ.

ಹೊಟ್ಟೆಯು ಮಿದುಳಿಗೆ ಕಳುಹುವ ಓಲೆ

‘ಗಂಟು ತುಂಬಿತು’ ಎಂಬ ಸುದ್ದಿಯನ್ನು ಹಕ್ಕಿಯ ಮಿದುಳಿಗೆ ಮುಟ್ಟಿಸುವವರಾರು? ಹಕ್ಕಿಯ ಬಳಿ ತಕ್ಕಡಿ ಇಲ್ಲವಷ್ಟೆ. ಇಲ್ಲಿ ಗ್ರೆಲಿನ್ ಎಂಬ ರಸದ ಮಾತು ಬರುತ್ತದೆ. 1999ರಲ್ಲಿ ಜಪಾನಿನ ಶಾಸ್ತ್ರಜ್ಞರು ಇಲಿಯ ಜಠರದಲ್ಲಿ ಕಂಡುಹಿಡಿದ ಈ ರಸವು ಮನುಷ್ಯರಲ್ಲಿಯೂ ಇದ್ದು, ನಮಗೆ ಹಸಿವನ್ನು ಹುಟ್ಟಿಸುವುದರಲ್ಲಿ ಪಾತ್ರ ವಹಿಸುವುದು. ಪೊಂಜಾ ದ್ವೀಪದ ಗಾರ್ಡನ್ ವಾರ್ಬ್ಲರ್‌ಗಳ ರಕ್ತವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಲೇಖನವು ಹಕ್ಕಿಗಳ ವಿಷಯದಲ್ಲಿ ಬೇರೆಯೇ ಕಥೆಯನ್ನು ಹೇಳಿತು. ಕೊಬ್ಬು ತುಂಬಿದ ಹಕ್ಕಿಗಳಲ್ಲಿ ಗ್ರೆಲಿನ್ನಿನ ಒಂದು ರೂಪವು ಕೊಬ್ಬಿಲ್ಲದವುಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿತ್ತು. ಅದೇ ರಸದ ಇನ್ನೊಂದು ರೂಪವನ್ನು ಸೂಜಿಯಿಂದ ಕೊಟ್ಟಾಗ ಹಕ್ಕಿಗಳು ತಿನ್ನುವುದನ್ನು ಕಡಿಮೆ ಮಾಡಿದವು. ರಾತ್ರಿಯ ಚಡಪಡಿಕೆ ಹೆಚ್ಚಾಯಿತು.

ಎಂದರೆ, ಊಟದ ಎಲೆಯ ಮುಂದೆ ಕುಳಿತವನು ‘ಸಾಕು’ ಎನ್ನುವುದಕ್ಕೂ, ಪ್ರಯಾಣಿಕನು ‘ಹೊರಟೆ’ ಎನ್ನುವುದಕ್ಕೂ ಹಕ್ಕಿಯ ಮೈಯಲ್ಲಿ ಒಂದೇ ಓಲೆ ಸಾಕಾಗುವುದು. ಹೋಟೆಲು ನಡೆಸಿದವರು ದಿನವೂ ನೋಡುವ ದೃಶ್ಯವನ್ನೇ ಶಾಸ್ತ್ರವು ರಕ್ತದ ಹನಿಯಲ್ಲಿ ಕಂಡಿದೆ. ಗಿರಾಕಿ ಉಂಡು ತೃಪ್ತನಾದನೆಂದರೆ ಅವನ ಕಣ್ಣು ಬಾಗಿಲ ಕಡೆಗೆ ಹೊರಳುವುದು.

ಆದರೆ ತಂಗುದಾಣವು ಊಟಕ್ಕಾಗಿ ಮಾತ್ರ ಇರುವುದೆಂದು ತಿಳಿಯಲಾಗದು. ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿದ ಸ್ನಾಯುಗಳಲ್ಲಿ ಸವೆತ ಉಂಟಾಗಿರುವುದು, ಮೈಯಲ್ಲಿ ಹಾನಿಕರವಾದ ಪದಾರ್ಥಗಳು ಕೂಡಿಕೊಂಡಿರುವುವು. ನಿದ್ರೆ ಕೆಟ್ಟಿರುವುದು. ಇದೆಲ್ಲ ರಿಪೇರಿಯಾಗುವುದು ವಿಶ್ರಾಂತಿಯಲ್ಲಿ. ಆದುದರಿಂದಲೇ ಗಂಟು ಇನ್ನೂ ಉಳಿದಿರುವ ಹಕ್ಕಿಯೂ ಕೆಲವೊಮ್ಮೆ ಇಳಿದು ತಂಗುವುದು.

ಒಂದೇ ದ್ವೀಪ, ಎರಡು ದಾರಿ

ಗಂಟು ತುಂಬಿದೊಡನೆ ಎಲ್ಲ ಹಕ್ಕಿಗಳೂ ಹೊರಡುವುವೆಂದು ಹೇಳಿದ್ದರೆ ವಿಷಯ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎಷ್ಟು ತುಂಬಿದರೆ ತುಂಬಿದಂತೆ? ಅದು ಮುಂದಿನ ದಾರಿಯನ್ನು ಅವಲಂಬಿಸಿದೆ. ಇದನ್ನು ಅತ್ಯಂತ ಅಚ್ಚುಕಟ್ಟಾಗಿ ತೋರಿಸಿಕೊಟ್ಟ ಸ್ಥಳ ಹೆಲ್ಗೊಲಾಂಡ್.

ಜರ್ಮನಿಯ ತೀರದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, ಉತ್ತರ ಸಮುದ್ರದ ನಡುವೆ, ಕೆಂಪುಕಲ್ಲಿನ ಕಡಿದಾದ ಅಂಚುಗಳುಳ್ಳ ದ್ವೀಪವಿದು. ಮುಖ್ಯ ದ್ವೀಪದ ವಿಸ್ತಾರ ಒಂದು ಚದರ ಕಿಲೋಮೀಟರಿನಷ್ಟು ಮಾತ್ರ. ಹಿಂದೆ ಬ್ರಿಟಿಷರ ವಶದಲ್ಲಿದ್ದು 1890ರಲ್ಲಿ ಜರ್ಮನಿಗೆ ಸೇರಿತು. ಚಿತ್ರಕಾರನಾಗಿ 1837ರಲ್ಲಿ ಇಲ್ಲಿಗೆ ಬಂದ ಹೈನ್ರಿಕ್ ಗೆಟ್ಕೆ ಎಂಬಾತನು ಸರಕಾರಿ ಕಾರ್ಯದರ್ಶಿಯ ಕೆಲಸ ಮಾಡಿಕೊಂಡು, ಐದು ದಶಕಗಳಿಗೂ ಹೆಚ್ಚು ಕಾಲ ಅಲ್ಲಿಗೆ ಬಂದುಹೋಗುವ ಹಕ್ಕಿಗಳನ್ನು ಗಮನಿಸಿ 1891ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಹೊರತಂದನು. ಕಚೇರಿಯ ಕೆಲಸದವರೂ ಶಾಸ್ತ್ರಕ್ಕೆ ಏನು ಕೊಡಬಲ್ಲರೆಂಬುದಕ್ಕೆ ಆತನೊಂದು ಸಾಕ್ಷಿ. 1910ರಲ್ಲಿ ಅಲ್ಲಿ ಪಕ್ಷಿವೀಕ್ಷಣಾಲಯವು ಸ್ಥಾಪಿತವಾಯಿತು. ಇಂದಿಗೂ ಅದು ಕೆಲಸ ಮಾಡುತ್ತಿದೆ.

ಈ ದ್ವೀಪದಲ್ಲಿ ವಸಂತಕಾಲದಲ್ಲಿ ತಂಗುವ ಹಕ್ಕಿಗಳಲ್ಲಿ ವ್ಹೀಟಿಯರ್ ಒಂದು. ನಮ್ಮ ಮಡಿವಾಳ ಹಕ್ಕಿಯ ಕುಟುಂಬಕ್ಕೇ ಸೇರಿದ, ಸುಮಾರು 25 ಗ್ರಾಂ ತೂಗುವ, ಬಯಲಿನಲ್ಲಿ ಓಡಾಡಿ ಹುಳು ಹೆಕ್ಕುವ ಹಕ್ಕಿ ಇದು. ಚಿಕ್ಕದಾದರೂ ಇದರ ಸಾಹಸ ಚಿಕ್ಕದಲ್ಲ. ಅಲಾಸ್ಕದಲ್ಲಿ ಮರಿಮಾಡುವ ವ್ಹೀಟಿಯರ್‌ಗಳು ಏಷ್ಯಾ ಖಂಡವನ್ನೇ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುವುವೆಂದೂ, ಒಂದು ಕಡೆಯ ಪಯಣವೇ ಸುಮಾರು 14,500 ಕಿಲೋಮೀಟರೆಂದೂ 2012ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿದುಬಂದಿದೆ.

ಹೆಲ್ಗೊಲಾಂಡಿನಲ್ಲಿ ಎರಡು ಪಂಗಡದ ವ್ಹೀಟಿಯರ್‌ಗಳು ಒಟ್ಟಿಗೆ ತಂಗುವುವು. ಒಂದು ಪಂಗಡಕ್ಕೆ ಮನೆ ನಾರ್ವೆ, ಸ್ವೀಡನ್‌ಗಳ ಕಡೆ. ಹತ್ತಿರದ ನಾರ್ವೆ ತೀರಕ್ಕೆ ನಾನೂರು-ಐನೂರು ಕಿಲೋಮೀಟರು, ಒಂದು ರಾತ್ರಿಯ ದಾರಿ. ಗಾತ್ರದಲ್ಲಿ ತುಸು ದೊಡ್ಡದಾದ ಇನ್ನೊಂದು ಪಂಗಡಕ್ಕೆ ಮನೆ ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್. ಐಸ್‌ಲ್ಯಾಂಡಿಗೇ 1,700 ಕಿಲೋಮೀಟರಿನ ಸುಮಾರು, ನಡುವೆ ಅಟ್ಲಾಂಟಿಕ್ ಸಾಗರ. ಅದೇ ಬಯಲು, ಅದೇ ಹುಳು, ಅದೇ ಹವೆ. ಆದರೆ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಎರಡು ಪಂಗಡಗಳ ನಡತೆ ಬೇರೆಬೇರೆಯಾಗಿ ಕಂಡಿತು. ಸಮೀಪದ ಮನೆಯವು ಗಂಟನ್ನೂ ಗಾಳಿಯನ್ನೂ ಅಷ್ಟಾಗಿ ಲೆಕ್ಕಿಸದೆ ಬಹುಮಟ್ಟಿಗೆ ಬೇಗನೆ ಎದ್ದುಹೋದವು. ದೂರದ ಮನೆಯವು ದಿನಗಟ್ಟಲೆ ತಂಗಿ, ಮೈ ತುಂಬಿಕೊಂಡು, ಅನುಕೂಲವಾದ ಗಾಳಿಗಾಗಿ ಕಾದು ಹೊರಟವು. ಥಾಣೆಗೆ ಹೋಗುವವನು ಚೀಲವನ್ನು ಹೆಗಲಿಗೆ ಹಾಕಿ ನಡೆದಾನು. ಊರಿಗೆ ಹೋಗುವವನು ಹಾಗೆ ಮಾಡಲಾರನು.

ಇವುಗಳ ತೂಕವನ್ನು ಅರಿಯಲು ಅಲ್ಲಿನವರು ಹೂಡಿದ ಉಪಾಯವೂ ಸ್ವಾರಸ್ಯಕರವಾಗಿದೆ. ತೂಕದ ಯಂತ್ರದ ಮೇಲೆ ಹುಳುಗಳು ತುಂಬಿದ ಬೋಗುಣಿಯನ್ನಿಟ್ಟರು. ಕಾಲಿಗೆ ಬಣ್ಣದ ಉಂಗುರ ತೊಡಿಸಿದ ಹಕ್ಕಿಗಳು ತಾವಾಗಿಯೇ ಬಂದು ಅದರ ಮೇಲೆ ಕುಳಿತು ತಿನ್ನುವಾಗ, ದೂರದಿಂದ ದುರ್ಬೀನಿನಲ್ಲಿ ಉಂಗುರವನ್ನೂ ತೂಕದ ಅಂಕಿಯನ್ನೂ ಓದಿಕೊಂಡರು. ಪದೇ ಪದೇ ಹಿಡಿದು ಹೆದರಿಸುವ ಅಗತ್ಯವೇ ಬೀಳಲಿಲ್ಲ.

ಗಾಳಿಯನ್ನು ನೋಡಿ ಹೊರಡು

ಲೆಕ್ಕದ ಮೂರನೆಯ ಬಾಬು ಗಾಳಿ. ಗುಮಾಸ್ತರು ಕಾಗದ ತೆಗೆದು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಗಾಳಿಯಿಲ್ಲದ ರಾತ್ರಿ ಸಣ್ಣ ಹಕ್ಕಿಯೊಂದು ಗಂಟೆಗೆ 45 ಕಿಲೋಮೀಟರು ಹಾರುವುದೆಂದಿಟ್ಟುಕೊಳ್ಳೋಣ. ಬೆನ್ನ ಹಿಂದಿನಿಂದ 20 ಕಿಲೋಮೀಟರು ವೇಗದ ಗಾಳಿ ಬೀಸಿದರೆ 500 ಕಿಲೋಮೀಟರಿನ ಕಡಲನ್ನು ಎಂಟು ಗಂಟೆಯೊಳಗೆ ದಾಟಬಹುದು. ಅದೇ ಗಾಳಿ ಎದುರಿನಿಂದ ಬೀಸಿದರೆ 20 ಗಂಟೆ ಬೇಕು. ಗಂಟು ಒಂದೇ, ದೂರ ಒಂದೇ. ಒಂದು ರಾತ್ರಿ ಹೊರಟದ್ದು ಬೆಳಗಿಗೆ ಮುನ್ನ ನೆಲ ಮುಟ್ಟುವುದು, ಇನ್ನೊಂದು ರಾತ್ರಿ ಹೊರಟದ್ದು ಮರುದಿನದ ಮಧ್ಯಾಹ್ನವೂ ನೀರಿನ ಮೇಲೆಯೇ ಇರುವುದು. ಮುಂಬಯಿಯಿಂದ ಕರಾವಳಿಗೆ ಹಡಗಿನ ಸಂಚಾರವಿದ್ದ ದಿನಗಳಲ್ಲಿ ಮಳೆಗಾಲ ಬಂತೆಂದರೆ ಹಡಗು ನಿಲ್ಲುತ್ತಿತ್ತೆಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಕೈಯಲ್ಲಿ ಹಣವಿದ್ದರೂ ಕಡಲು ಬಿಡಬೇಕಷ್ಟೆ!

ಅಮೆರಿಕದ ದಕ್ಷಿಣ ತೀರದಲ್ಲಿ, ಅಲಬಾಮಾ ಪ್ರಾಂತ್ಯದಲ್ಲಿ, ಶರತ್ಕಾಲದ ಹಾಡುಹಕ್ಕಿಗಳ ಮುಂದೆ ಮೆಕ್ಸಿಕೋ ಕೊಲ್ಲಿ ಹರಡಿಕೊಂಡಿರುವುದು. ಸುಮಾರು 1,000 ಕಿಲೋಮೀಟರು ನೀರು, ಆಚೆಗೆ ಯುಕಟಾನ್. ಅಲ್ಲಿ ಮೂರು ಜಾತಿಯ ಹಕ್ಕಿಗಳಿಗೆ ರೇಡಿಯೋ ಕಟ್ಟಿ, ಎರಡೂ ದಡಗಳಲ್ಲಿ ಕಾದು, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೊಬ್ಬು, ಹವೆ, ತಾರೀಖು – ಈ ಮೂರೂ ಕೂಡಿಯೇ ಹೊರಡುವುದನ್ನೂ, ಹಿಡಿಯುವ ದಾರಿಯನ್ನೂ, ದಾಟಲು ಬೇಕಾಗುವ ಕಾಲವನ್ನೂ ನಿಶ್ಚಯಿಸುವುವೆಂದು ಅದರಿಂದ ತಿಳಿಯಿತು. ಗಂಟು ಸಾಲದ ಹಕ್ಕಿಗಳಲ್ಲಿ ಹಲವು ಕಡಲಿಗೆ ಬೆನ್ನು ತಿರುಗಿಸಿ ಒಳನಾಡಿನ ಕಾಡುಗಳಿಗೆ ಮರಳುವುವು. ನೋಡಿದವರಿಗೆ ದಾರಿ ತಪ್ಪಿದಂತೆ ತೋರಬಹುದು. ವಾಸ್ತವದಲ್ಲಿ ಅದು ಇನ್ನೂ ಚೆನ್ನಾದ ಛತ್ರವನ್ನು ಹುಡುಕಿಕೊಂಡು ಹೋಗುವ ವಿವೇಕ.

ಮಳೆ ಮತ್ತು ದಟ್ಟವಾದ ಮೋಡ ಹಕ್ಕಿಯನ್ನು ತಡೆಹಿಡಿಯುವುವು. ಉತ್ತರ ಅಮೆರಿಕದಲ್ಲಿ ಶರತ್ಕಾಲದ ತಂಪು ಗಾಳಿಯ ಅಲೆಯೊಂದು ಹಾದುಹೋಗಿ, ಮಳೆ ನಿಂತು, ಉತ್ತರದಿಂದ ಗಾಳಿ ಬೀಸತೊಡಗಿದೊಡನೆ, ದಿನಗಟ್ಟಲೆ ಕಾದಿದ್ದ ಹಕ್ಕಿಗಳೆಲ್ಲ ಒಂದೇ ರಾತ್ರಿ ಏಳುವುವು. ಆ ರಾತ್ರಿಗಳಲ್ಲಿ ಹವಾಮಾನದ ರಾಡಾರಿನ ತೆರೆಯ ಮೇಲೆ ಹಕ್ಕಿಗಳ ಹಿಂಡು ಮೋಡದಂತೆ ಹರಡಿ ಕಾಣುವುದು.

ಮುಸ್ಸಂಜೆಯ ಮುಹೂರ್ತ

ದಿನ ಗೊತ್ತಾದ ಮೇಲೆ ಹೊತ್ತು ಯಾವುದು? ರಾತ್ರಿ ಹಾರುವ ಹಾಡುಹಕ್ಕಿಗಳಲ್ಲಿ ಬಹಳಷ್ಟು ಸೂರ್ಯಾಸ್ತವಾಗಿ ಕತ್ತಲೆ ಕವಿಯುವ ಹೊತ್ತಿಗೆ ಏಳುವುವು. ಬೇಗ ಎದ್ದಷ್ಟೂ ಹಾರಲು ರಾತ್ರಿ ಉದ್ದವಾಗಿ ಸಿಗುವುದು. ಅದಲ್ಲದೆ ಇನ್ನೊಂದು ಕಾರಣವೂ ಇದೆ. ಹಕ್ಕಿಗಳಿಗೆ ಭೂಮಿಯ ಕಾಂತಶಕ್ತಿಯನ್ನು ಅರಿತು ದಿಕ್ಕು ಹಿಡಿಯುವ ಶಕ್ತಿ ಉಂಟು. ಅಮೆರಿಕದ ವಿಲಿಯಂ ಕೊಕ್ರನ್ ಮತ್ತು ಅವರ ಜೊತೆಗಾರರು ಥ್ರಷ್ ಹಕ್ಕಿಗಳನ್ನು ಮುಸ್ಸಂಜೆಯ ಹೊತ್ತು, ಪೂರ್ವಕ್ಕೆ ತಿರುಗಿಸಿದ ಕೃತಕ ಕಾಂತಕ್ಷೇತ್ರದಲ್ಲಿರಿಸಿ, ಅನಂತರ ಬಿಟ್ಟುಬಿಟ್ಟರು. ಉತ್ತರಕ್ಕೆ ಹೋಗಬೇಕಾದ ಅವು ಅಂದಿನ ರಾತ್ರಿ ಪಶ್ಚಿಮಕ್ಕೆ ಹಾರಿದವು. ಆದರೆ ಮುಂದಿನ ಹಾರಾಟದಲ್ಲಿ ಮತ್ತೆ ಸರಿಯಾದ ದಿಕ್ಕನ್ನೇ ಹಿಡಿದವು. ದಿನವೂ ಸಂಜೆಯ ಬೆಳಕನ್ನು ನೋಡಿ ಹಕ್ಕಿ ತನ್ನ ದಿಕ್ಸೂಚಿಯನ್ನು ಸರಿಪಡಿಸಿಕೊಳ್ಳುವುದೆಂದು 2004ರಲ್ಲಿ ಅವರು ಇದರಿಂದ ಅನುಮಾನಿಸಿದರು. ಬೆಳಗ್ಗೆ ರೇಡಿಯೋದ ಸಮಯ ಕೇಳಿ ಕೈಗಡಿಯಾರ ತಿದ್ದಿಕೊಳ್ಳುತ್ತಿದ್ದ ನಮ್ಮ ಹಿರಿಯರ ಅಭ್ಯಾಸದಂತೆ ಇದು.

ಛತ್ರಗಳು ಮುಚ್ಚಿದರೆ

ಇಷ್ಟನ್ನೂ ಓದಿದ ಮೇಲೆ, ‘ಎಲ್ಲಿಯೋ ಇರುವ ಹಕ್ಕಿಗಳ ಲೆಕ್ಕ ನಮಗೇಕೆ?’ ಎಂದು ಕೇಳುವವರೂ ಇರಬಹುದು. ಕರ್ನಾಟಕಕ್ಕೂ ಈ ವಿದ್ಯೆಗೂ ಒಂದು ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ರೋಗಾಣುವು ರಷ್ಯದ ಕಾಡುಗಳಲ್ಲಿ ಕಂಡುಬಂದಿದ್ದ ರೋಗಾಣುವನ್ನು ಹೋಲುತ್ತಿದ್ದುದರಿಂದ, ವಲಸೆಯ ಹಕ್ಕಿಗಳು ಇದನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಅದನ್ನು ಪರೀಕ್ಷಿಸುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆಯು ನೆರವಿತ್ತಿತು. ಮುಂಬಯಿಯ ಬಾಂಬೇ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುವುವೆಂಬ ನಮ್ಮ ತಿಳಿವಳಿಕೆ ಬೆಳೆದದ್ದು ಹೀಗೆ.

ಆ ಅತಿಥಿಗಳು ಇಂದಿಗೂ ನಮ್ಮ ನಡುವೆ ಇಳಿಯುತ್ತಿದ್ದಾರೆ. ಸಪ್ಟೆಂಬರ್ ಬಂತೆಂದರೆ ಹಿಮಾಲಯದ ಕಡೆಯಿಂದ ಬೂದು ಸಿಪಿಲೆಯು ಬಂದು, ಮುಂಬಯಿಯ ತೋಟಗಳಲ್ಲಿಯೂ ಪಶ್ಚಿಮ ಘಟ್ಟದ ಹಳ್ಳಗಳ ಬದಿಯಲ್ಲಿಯೂ ಹಳದಿ ಹೊಟ್ಟೆ ತೋರಿಸಿ ಬಾಲ ಕುಣಿಸುತ್ತ ಓಡಾಡುವುದು. ಮರಗಳ ಎಲೆಗಳ ಮರೆಯಲ್ಲಿ ಕಣ್ಣಿಗೆ ಬೀಳದೆ ಚಿಲಿಪಿಲಿಗುಟ್ಟುವ ಉಲಿಯಕ್ಕಿಗಳೂ ಅದೇ ಬಗೆಯ ಪರಸ್ಥಳದವು. ಬೇಸಗೆ ಏರುವ ಹೊತ್ತಿಗೆ ಅವೂ ತಮ್ಮ ಗಂಟು ನೋಡಿಕೊಂಡು ಉತ್ತರಕ್ಕೆ ಏಳಬೇಕು.

ಮೇಲೆ ಹೇಳಿದ ಲೆಕ್ಕದ ಒಂದೊಂದು ಬಾಬನ್ನೂ ಮನುಷ್ಯನು ಕೆಡಿಸಬಲ್ಲನು. ಪೊದೆ ಕಡಿದು, ಕೆರೆ ತುಂಬಿಸಿ, ಹುಳುಗಳಿಗೆ ವಿಷ ಸಿಂಪಡಿಸಿದರೆ ಗಂಟು ತುಂಬುವುದು ತಡವಾಗುವುದು. ತಂಗುವ ದಿನಗಳು ಬೆಳೆಯುವುವು. ಗೂಡು ಕಟ್ಟುವ ಕಾಲಕ್ಕೆ ತಲುಪಲಾಗದು. ಗಂಟು ತುಂಬದೆಯೇ ಎದ್ದರೆ ದಾರಿಯಲ್ಲಿ ಪತನ. ರಾತ್ರಿಯಿಡೀ ಉರಿಯುವ ಬೆಳಕು ಹಾರುವ ಹಕ್ಕಿಯನ್ನು ಸೆಳೆದು ದಿಕ್ಕುಗೆಡಿಸುವುದು. ನ್ಯೂಯಾರ್ಕ್ ನಗರದಲ್ಲಿ ಪ್ರತಿ ವರ್ಷ ಸಪ್ಟೆಂಬರ್ 11ರ ರಾತ್ರಿ ಸ್ಮಾರಕವಾಗಿ ಆಕಾಶಕ್ಕೆ ಹಾಯಿಸುವ ಬೃಹತ್ ದೀಪಸ್ತಂಭಗಳು ಏಳು ವರ್ಷಗಳ ಏಳು ರಾತ್ರಿಗಳಲ್ಲಿ 11 ಲಕ್ಷ ಹಕ್ಕಿಗಳ ಮೇಲೆ ಪರಿಣಾಮ ಮಾಡಿದವೆಂದು 2017ರಲ್ಲಿ ಲೆಕ್ಕ ಹಾಕಲಾಯಿತು. ಅವು ಬೆಳಕಿನ ಸುತ್ತ ಸುತ್ತುತ್ತ, ಕೂಗುತ್ತ, ತಮ್ಮ ದಾರಿಖರ್ಚನ್ನು ಅಲ್ಲಿಯೇ ಕಳೆದುಕೊಳ್ಳುತ್ತಿದ್ದವು. ದೀಪ ಆರಿಸಿದಾಗ ಕೆಲವೇ ನಿಮಿಷಗಳಲ್ಲಿ ಚದುರಿ ತಮ್ಮ ದಾರಿ ಹಿಡಿದವು. ಕೆಡುಕೂ ಸ್ಪಷ್ಟ, ಪರಿಹಾರವೂ ಸುಲಭ.

ಪರಸ್ಥಳಕ್ಕೆ ಬಂದವನಿಗೆ ಮೊದಲ ರಾತ್ರಿ ಚಾಪೆ ಹಾಸಲು ಒಂದು ಮೂಲೆ, ಒಂದು ಹೊತ್ತಿನ ಊಟ ಸಿಕ್ಕಿದ್ದರ ಬೆಲೆಯನ್ನು ನಮ್ಮ ಜನ ಮರೆತಿಲ್ಲ. ಅನೇಕರ ಬದುಕು ನಿಂತಿರುವುದೇ ಅದರ ಮೇಲೆ. ಹಕ್ಕಿಗೆ ಬೇಕಾದುದೂ ಅಷ್ಟೇ. ನಮ್ಮ ಹೋಟೆಲುಗಳ ಹಿಂಭಾಗದಲ್ಲಿ, ವಸತಿಗಳ ಅಂಗಳದಲ್ಲಿ ಉಳಿದಿರುವ ಮರವನ್ನೂ ಪೊದೆಯನ್ನೂ ಕಸವೆಂದು ಕಡಿಸದಿರೋಣ. ಸಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೂ ಮಾರ್ಚ್, ಏಪ್ರಿಲ್‌ಗಳಲ್ಲಿಯೂ ವ್ಯಾಪಾರ ಮುಗಿದ ಮೇಲೆ ಮಾಳಿಗೆಯ ಮೇಲಿನ ಅನಗತ್ಯವಾದ ದೀಪಗಳನ್ನು ಆರಿಸೋಣ. ಕರೆಂಟಿನ ಬಿಲ್ಲೂ ತುಸು ಇಳಿದೀತು. ಎಂದು ಹೊರಡಬೇಕೆಂಬುದನ್ನು ಹಕ್ಕಿಯೇ ನೋಡಿಕೊಳ್ಳುವುದು. ಆ ಲೆಕ್ಕ ಅದಕ್ಕೆ ಚೆನ್ನಾಗಿ ಬರುತ್ತದೆ. ಹೊರಡುವವರೆಗೆ ಇರಲು ಒಂದಿಷ್ಟು ಸ್ಥಳ ಮಾತ್ರ ನಾವು ಉಳಿಸಿಕೊಡಬೇಕು.